ಟೇಪಣ್ಣನ ಹೊಟ್ಟೆ ಮತ್ತು ಇಪ್ಪತ್ತೆರಡು ಪ್ಯಾಂಟು

ಟೇಪಣ್ಣನಿಗೆ ಕೋಪ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಬೇಕಾದರೆ ಒಮ್ಮೆಯಾದರೂ ಹೋಗಿರಬೇಕಲ್ಲ. ಅವನ ಕೋಪ ಐವತ್ತೆಂಟು ವರ್ಷದಿಂದ ಮೂಗಿನ ತುದಿಯಲ್ಲಿ ಕಾಯಂ ಆಗಿ ಕೂತಿತ್ತು. ಸೂಜಿಗೆ ದಾರ ಹೋಗದಿದ್ದರೆ ಸೂಜಿಯನ್ನು ಬೈಯುತ್ತಿದ್ದ. ಒಂದೇ ಸಲಕ್ಕೆ ಹೋಯಿತೋ, ದಿನಾ ಹೀಗೆ ಹೋಗೋಕೆ ನಿನಗೇನು ರೋಗ ಎಂದು ದಾರವನ್ನು ಬೈಯುತ್ತಿದ್ದ. ಇಸ್ತ್ರಿಪೆಟ್ಟಿಗೆ, ಕತ್ತರಿ, ಹೊಲಿಗೆ ಯಂತ್ರ, ಹೆಂಡತಿ, ಮಗ ಎಲ್ಲರೂ ಸರದಿಯ ಪ್ರಕಾರ ಬೈಸಿಕೊಳ್ಳುತ್ತಿದ್ದರು, ಯಾರಿಗೂ ಅನ್ಯಾಯವಾಗುತ್ತಿರಲಿಲ್ಲ.

ಇಷ್ಟಾದರೂ ಗಿರಾಕಿಗಳು ಅವನ ಅಂಗಡಿಗೇ ಬರುತ್ತಿದ್ದರು. ಕಾರಣ ಬಾಗಿಲ ಮೇಲಿನ ಬೋರ್ಡು. ‘ಒಮ್ಮೆ ಅಳೆದರೆ ಮುಗಿಯಿತು’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದ. ಹೊಸ ಗಿರಾಕಿ ಬಂದ ಮೊದಲ ದಿನ ಮಾತ್ರ ಟೇಪು ಹಿಡಿಯುತ್ತಿದ್ದ. ಪುಸ್ತಕದಲ್ಲಿ ಬರೆಯುವುದಿಲ್ಲ, ಚೀಟಿ ಇಡುವುದಿಲ್ಲ. ಆಮೇಲೆ ಆ ಮನುಷ್ಯ ಹತ್ತು ವರ್ಷ ಬಿಟ್ಟು ಬಂದರೂ ಟೇಪು ಮುಟ್ಟಿಸುವುದಿಲ್ಲ, ಮುಖ ನೋಡಿ “ಬುಧವಾರ ಬನ್ನಿ” ಎನ್ನುತ್ತಿದ್ದ. ಹೊಲಿದ ಮೇಲೆ ತೊಟ್ಟು ನೋಡುತ್ತೇನೆ ಎಂದವರನ್ನು, ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಗೋಣಿಚೀಲ ಸುತ್ತಿಕೊಳ್ಳಿ ಎಂದು ಅಟ್ಟುತ್ತಿದ್ದ. ಎಂಥಾ ನೆನಪಿನ ಶಕ್ತಿ ಎಂದು ಜನ ಬೆರಗಾಗಿದ್ದರು.

ಅದರ ಗುಟ್ಟು ಪರದೆಯ ಹಿಂದೆ ಇತ್ತು. ಟೇಪಣ್ಣನ ತಲೆಯಲ್ಲಿ ಅಂಕಿಗಳು ನಿಲ್ಲುತ್ತಿರಲಿಲ್ಲ. ಆದರೆ ಯಾರ ತೋಳು ತನ್ನ ತೋಳಿಗಿಂತ ಎರಡು ಬೆರಳು ಉದ್ದ, ಯಾರ ಕಾಲು ತನ್ನ ಎಷ್ಟನೆಯ ಗುಂಡಿಯವರೆಗೆ ಬರುತ್ತದೆ, ಯಾರ ಸೊಂಟ ತನ್ನ ಹೊಟ್ಟೆಗಿಂತ ನಾಲ್ಕು ಬೆರಳು ಕಡಿಮೆ, ಇದನ್ನು ಒಮ್ಮೆ ಕಂಡರೆ ಸಾಯುವವರೆಗೂ ಮರೆಯುತ್ತಿರಲಿಲ್ಲ. ಬಟ್ಟೆ ಕತ್ತರಿಸುವ ಮೊದಲು ಪರದೆಯ ಹಿಂದೆ ಹೋಗಿ ತನ್ನ ಹೊಟ್ಟೆಗೇ ಟೇಪು ಸುತ್ತಿ, ಬೆರಳು ಕೂಡಿಸಿ ಕಳೆದು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ. ಊರಿನ ಅರ್ಧ ಗಂಡಸರ ಸೊಂಟದ ಅಳತೆ ಹೀಗೆ ಅವನ ಹೊಟ್ಟೆಯಲ್ಲಿ ಭದ್ರವಾಗಿತ್ತು. ಆ ಹೊಟ್ಟೆಯೂ ನಂಬಿಕಸ್ಥ ಹೊಟ್ಟೆ. ಪಕ್ಕದ ಬೇಕರಿಯವನು ದಿನಾ ನಾಲ್ಕು ಗಂಟೆಗೆ ಕಳಿಸುವ ಬೆಣ್ಣೆ ಬನ್ನು ತಿಂದು ಇಪ್ಪತ್ತೈದು ವರ್ಷದಿಂದ ಹೆಚ್ಚೂ ಆಗದೆ ಕಡಿಮೆಯೂ ಆಗದೆ ನಿಂತಿತ್ತು.

ಯಡವಟ್ಟು ಶುರುವಾದದ್ದು ನಿವೃತ್ತ ಮೇಷ್ಟ್ರ ಪ್ಯಾಂಟಿನಿಂದ. ಮನೆಗೆ ಒಯ್ದ ಹೊಸ ಪ್ಯಾಂಟನ್ನು ಅರ್ಧ ಗಂಟೆಯಲ್ಲಿ ವಾಪಸು ತಂದು ಕೌಂಟರಿನ ಮೇಲೆ ಬಡಿದರು.

“ಟೇಪಣ್ಣ, ಗುಂಡಿ ಕೂರ್ತಿಲ್ಲ ಕಣಯ್ಯ. ಅಳತೆ ಮರೆತಿದ್ದೀಯ.”

“ಮರೆಯೋದಾ? ನಾನಾ?” ಟೇಪಣ್ಣ ಕತ್ತರಿ ಕೆಳಗಿಟ್ಟ. “ನೀವು ನಿವೃತ್ತಿ ಆದ ಮೇಲೆ ಕೂತಲ್ಲೇ ಕೂತು ಮೇಯ್ತಿದ್ದೀರಿ. ಹೊಟ್ಟೆ ನಿಮ್ಮದು ಬೆಳೆದರೆ ತಪ್ಪು ನನ್ನದಾ?”

“ನಾನು ದಪ್ಪ ಆಗಿಲ್ಲ!”

“ಹಾಗಿದ್ರೆ ಪ್ಯಾಂಟು ಸಣ್ಣ ಆಗಿದೆ. ಅದನ್ನೇ ಕೇಳಿ!”

ಮೇಷ್ಟ್ರು ಮೂವತ್ತು ವರ್ಷ ಮಕ್ಕಳಿಗೆ ತಪ್ಪು ಒಪ್ಪಿಕೊಳ್ಳುವುದನ್ನು ಕಲಿಸಿದವರು. ಸ್ವಂತಕ್ಕೆ ಅಂಥ ಅಭ್ಯಾಸ ಇರಲಿಲ್ಲ. ನೇರವಾಗಿ ಟೇಪಣ್ಣನ ಮನೆಗೆ ಹೋಗಿ, ಅವನ ಹೆಂಡತಿಯನ್ನು ಕರೆದು, ದುಃಖದ ಮುಖ ಮಾಡಿ, “ತಾಯಿ, ಹೇಳಬಾರದು, ಆದ್ರೂ ಹೇಳ್ತೀನಿ. ನಿಮ್ಮ ಯಜಮಾನರಿಗೆ ಮರೆವು ಶುರುವಾಗಿದೆ. ರೇಗ್ತಾರೆ ಬೇರೆ. ಅದೂ ಒಂದು ಲಕ್ಷಣವಂತೆ,” ಎಂದರು.

ರೇಗುವುದು ಲಕ್ಷಣವಾಗಿದ್ದರೆ ಟೇಪಣ್ಣನಿಗೆ ತೊಟ್ಟಿಲಲ್ಲೇ ಮರೆವು ಹಿಡಿದಿರಬೇಕು. ಆದರೆ ಆಕೆಗೆ ಆ ಲೆಕ್ಕ ಹೊಳೆಯಲಿಲ್ಲ. ನೆನಪಾದದ್ದು ಟೇಪಣ್ಣನ ಅಣ್ಣ. ಅವನೂ ದರ್ಜಿಯೇ. ಕೊನೆಯ ಎರಡು ವರ್ಷ ಅವನಿಗೆ ಕತ್ತರಿ ಯಾವುದು, ಚಮಚ ಯಾವುದು ತಿಳಿಯುತ್ತಿರಲಿಲ್ಲ. ಅವನನ್ನು ನೋಡಿಕೊಂಡವಳು ಇವಳೇ. ಅವನು ಹೋಗಿ ಮೂರು ವರ್ಷವಾಗಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ಎತ್ತಿದರೆ ಟೇಪಣ್ಣ ಊಟದ ತಟ್ಟೆ ಬಿಟ್ಟು ಏಳುತ್ತಿದ್ದ.

ಅದೇ ವಾರ ಗ್ರಂಥಾಲಯದ ಸಭಾಂಗಣದಲ್ಲಿ ಒಬ್ಬ ಆಹಾರತಜ್ಞೆಯ ಭಾಷಣವಿತ್ತು. ಮಿದುಳನ್ನು ಕಾಪಾಡಿಕೊಳ್ಳಲು ಏನು ತಿನ್ನಬೇಕು ಎನ್ನುವುದು ವಿಷಯ. ಟೇಪಣ್ಣನ ಹೆಂಡತಿ ಮೊದಲ ಸಾಲಿನಲ್ಲಿ ಕೂತು ಕೇಳಿದಳು, ಕರಪತ್ರ ತಂದು ಅಡಿಗೆಮನೆಯ ಬಾಗಿಲಿಗೆ ಅಂಟಿಸಿದಳು. ಸೊಪ್ಪು, ಕಾಳು, ಹಣ್ಣು, ಒಂದು ಹಿಡಿ ಅಕ್ರೋಟು ಒಳ್ಳೆಯದು, ಬೆಣ್ಣೆ, ಸಕ್ಕರೆ, ಉಪ್ಪು, ಕರಿದದ್ದು ಕಡಿಮೆ ಮಾಡಿ, ದಿನಾ ನಡೆಯಿರಿ, ನಾಲ್ಕು ಜನರ ಜೊತೆ ಬೆರೆಯಿರಿ. ಕರಪತ್ರ ಪಾಪ, ಸಾಧು ಭಾಷೆಯಲ್ಲೇ ಹೇಳಿತ್ತು. ಓದಿದವಳು ಹೆದರಿದ್ದಳು. ‘ಕಡಿಮೆ’ ಎಂದಿದ್ದಲ್ಲೆಲ್ಲ ‘ಬೇಡ’ ಎಂದೂ ‘ದಿನಕ್ಕೊಮ್ಮೆ’ ಎಂದಿದ್ದಲ್ಲೆಲ್ಲ ‘ಹೊತ್ತು ಹೊತ್ತಿಗೂ’ ಎಂದೂ ಓದಿಕೊಂಡಳು.

ಮರುದಿನ ಬೆಳಿಗ್ಗೆ ಟೇಪಣ್ಣನ ಮುಂದೆ ಒಂದು ದೊಡ್ಡ ಬಟ್ಟಲು ಬಂತು. ಅದರ ತುಂಬ ಹಸಿರು.

“ಏನಿದು?”

“ಸೊಪ್ಪು.”

“ಅದು ಕಾಣ್ತಿದೆ. ಯಾರಿಗೆ?”

“ನಿಮಗೇ ರೀ. ಮಿದುಳಿಗೆ ಒಳ್ಳೇದು.”

“ನನ್ನ ಮಿದುಳು ಮೇಕೆ ಅಂದುಕೊಂಡ್ಯಾ?”

ಕೂಗಾಡಿದ. ಬಟ್ಟಲು ತಳ್ಳಿದ. ಆಕೆ ಮತ್ತೆ ಮುಂದಿಟ್ಟಳು. ಇನ್ನೊಮ್ಮೆ ತಳ್ಳಿದ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಯಾವತ್ತೂ ಎದುರು ಮಾತನಾಡದವಳು ಅಂದೂ ಮಾತನಾಡಲಿಲ್ಲ, ಸುಮ್ಮನೆ ಬಟ್ಟಲು ಮುಂದಿಡುತ್ತಾ ಹೋದಳು. ಆರನೆಯ ಸಲಕ್ಕೆ ಟೇಪಣ್ಣ ತಿಂದ. ಅಂಗಡಿ ತೆರೆಯಲು ಹೊತ್ತಾಗಿತ್ತು, ಅಷ್ಟೇ ಹೊರತು ಸೋತದ್ದಲ್ಲ.

ನಾಲ್ಕು ಗಂಟೆಗೆ ಬನ್ನು ಬರಲಿಲ್ಲ. ಹೋಗಿ ನೋಡಿದರೆ ಬೇಕರಿಯವನು ಗಾಜಿನ ಕಪಾಟಿನ ಹಿಂದೆ ಅಡಗಿಕೊಂಡಿದ್ದ.

“ನನ್ನ ಬನ್ನೆಲ್ಲಿ?”

“ಅಣ್ಣಾ, ಅತ್ತಿಗೆ ಬಂದು ಹೇಳಿ ಹೋಗಿದ್ದಾರೆ. ನಿಮಗೆ ಕೊಟ್ಟರೆ ನನ್ನ ಒಲೆಗೆ ನೀರು ಸುರೀತಾರಂತೆ.” ಆಮೇಲೆ ಮುಖ ಹತ್ತಿರ ತಂದು, ಮಗುವಿಗೆ ಕೇಳುವಂತೆ ನಿಧಾನವಾಗಿ, “ಅಣ್ಣಾ, ನಾನು ಯಾರು ಹೇಳಿ ನೋಡೋಣ?” ಎಂದ.

“ನೀನು ಬೆಣ್ಣೆ ಕದಿಯೋ ಕಳ್ಳ! ಇಪ್ಪತ್ತೈದು ವರ್ಷದಿಂದ ಬನ್ನಿನ ಒಂದೇ ಮಗ್ಗುಲಿಗೆ ಹಚ್ತಿದ್ದೀಯ!”

“ಗುರುತು ಸಿಕ್ತು,” ಎಂದು ಬೇಕರಿಯವನು ನಿಂತಿದ್ದ ಗಿರಾಕಿಗಳಿಗೆ ಸಮಾಧಾನ ಹೇಳಿದ. “ಇನ್ನೂ ಪೂರ್ತಿ ಹೋಗಿಲ್ಲ.”

ಅಲ್ಲಿಂದ ಶುರುವಾಯಿತು ನೋಡಿ ಪರೀಕ್ಷೆಗಳ ಕಾಟ. ನಾಲ್ಕು ಜನರ ಜೊತೆ ಬೆರೆಯಬೇಕು ಎಂದು ಕರಪತ್ರ ಹೇಳಿತ್ತಲ್ಲ, ಹೆಂಡತಿ ಅವನ ಅಕ್ಕನನ್ನೇ ಕರೆಸಿದಳು. ಅಕ್ಕ ಬಂದವಳೇ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು. “ತಮ್ಮಾ, ನಾನು ಎಷ್ಟನೇ ಇಸವೀಲಿ ಹುಟ್ಟಿದ್ದು ಹೇಳು?” ಟೇಪಣ್ಣ ಸರಿಯಾಗಿ ಹೇಳಿದ. ಅಕ್ಕ ತನ್ನ ವಯಸ್ಸನ್ನು ಆರು ವರ್ಷ ಕಡಿಮೆ ಹೇಳಿಕೊಂಡು ಬಂದಿದ್ದವಳು. ಜೊತೆಗೆ ಬಂದಿದ್ದ ಬೀಗರ ಮುಂದೆ ಮಾನ ಹೋಯಿತು. “ಅಯ್ಯೋ, ಪೂರ್ತಿ ತಪ್ಪು! ಪಾಪ, ತಲೆ ಕೆಟ್ಟೇಹೋಗಿದೆ!” ಎಂದು ಸೆರಗು ಬಾಯಿಗಿಟ್ಟುಕೊಂಡಳು. ಹೆಂಡತಿ ಅಂದು ಸಂಜೆಯಿಂದ ಅಕ್ರೋಟನ್ನು ಎರಡು ಹಿಡಿ ಮಾಡಿದಳು.

ಇನ್ನು ಮುಂದಿನದು ಆಗಬಾರದಿತ್ತು, ಆಯಿತು. ಬೆಣ್ಣೆ ನಿಂತು, ಸಕ್ಕರೆ ನಿಂತು, ದಿನಾ ಬೆಳಿಗ್ಗೆ ಹೆಂಡತಿಯ ಹಿಂದೆ ಗೊಣಗುತ್ತಾ ಕೆರೆಯ ಸುತ್ತ ನಡೆದು, ಟೇಪಣ್ಣನ ಹೊಟ್ಟೆ ಕರಗತೊಡಗಿತು. ಬೆಳಗಾದರೆ ಅಳತೆಯಲ್ಲೇ ಮುಳುಗಿರುವ ದರ್ಜಿಗೆ ಇದು ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ಅವನು ತೊಡುತ್ತಿದ್ದುದು ಲಾಡಿ ಪೈಜಾಮ, ಮೇಲೆ ಮೊಣಕಾಲಿನವರೆಗಿನ ಸಡಿಲ ಅಂಗಿ. ಹೊಟ್ಟೆ ಒಳಗೆ ಸರಿದಂತೆಲ್ಲ ಲಾಡಿ ತಾನೇ ಬಿಗಿಯಾಗುತ್ತಿತ್ತು. ಅಂಗಡಿಯ ಕನ್ನಡಿ ಗಿರಾಕಿಗಳಿಗೆ, ಅದರಲ್ಲಿ ತನ್ನನ್ನು ನೋಡಿಕೊಳ್ಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಟೇಪಿನಲ್ಲಿ ಅಂಕಿ ಓದುವವನೂ ಅಲ್ಲ. ಪರದೆಯ ಹಿಂದೆ ಹೋಗಿ, ಹೊಟ್ಟೆಗೆ ಸುತ್ತಿ, ನಾಲ್ಕು ಬೆರಳು ಕಳೆದು, ಗೆರೆ ಎಳೆಯುತ್ತಿದ್ದ, ಎಂದಿನಂತೆ.

ಒಂದು ತಿಂಗಳಿಗೆ ಔಷಧಿ ಅಂಗಡಿಯವನ ಪ್ಯಾಂಟು ಒಂದು ಬೆರಳು ಬಿಗಿಯಾಯಿತು. ಅವನು ದುಡುಕಿನವನಲ್ಲ. ಪ್ಯಾಂಟನ್ನು ಮಡಿಚಿ ತಂದು ಟೇಪಣ್ಣನಿಗೆ ತೋರಿಸದೆ ಅವನ ಹೆಂಡತಿಗೆ ತೋರಿಸಿದ. ಆಕೆ ಉಪ್ಪು ನಿಲ್ಲಿಸಿದಳು. ಎರಡನೆಯ ತಿಂಗಳು ಬ್ಯಾಂಕಿನವನ ಪ್ಯಾಂಟು ಎರಡು ಬೆರಳು ಬಿಗಿ. ಆಕೆ ರಾತ್ರಿಯ ಅನ್ನ ನಿಲ್ಲಿಸಿ ಬೇಯಿಸಿದ ಕಾಳು ಕೊಟ್ಟಳು. ಪ್ಯಾಂಟು ಬಿಗಿಯಾದಷ್ಟೂ ಪಥ್ಯ ಬಿಗಿಯಾಯಿತು, ಪಥ್ಯ ಬಿಗಿಯಾದಷ್ಟೂ ಪ್ಯಾಂಟು ಬಿಗಿಯಾಯಿತು. ಔಷಧಿಯೇ ರೋಗವನ್ನು ಸಾಕುತ್ತಿತ್ತು. ಎರಡರ ನಡುವೆ ಸಿಕ್ಕಿಕೊಂಡ ಟೇಪಣ್ಣ ಹಸಿದ ಹೊಟ್ಟೆಯಲ್ಲಿ ಮೂರರಷ್ಟು ಕೂಗಾಡುತ್ತಿದ್ದ. “ರೇಗೋದು ಜಾಸ್ತಿ ಆಗಿದೆ ನೋಡಿ,” ಎಂದು ಮೇಷ್ಟ್ರು ಬೀದಿಗೆಲ್ಲ ವರದಿ ಒಪ್ಪಿಸಿದರು.

ಮೂರನೆಯ ತಿಂಗಳು ಬಂತು ಅಗ್ನಿಶಾಮಕ ಠಾಣೆಯ ಸಮವಸ್ತ್ರದ ಕೆಲಸ. ಇಪ್ಪತ್ತೆರಡು ಜನರ ಪ್ಯಾಂಟು. ಹನ್ನೆರಡು ವರ್ಷದಿಂದ ಅದು ಟೇಪಣ್ಣನದೇ ಕೆಲಸ. ಇಪ್ಪತ್ತೆರಡನ್ನೂ ಒಂದೇ ವಾರದಲ್ಲಿ ಹೊಲಿದು, ಇಸ್ತ್ರಿ ಮಾಡಿ, ಗಂಟು ಕಟ್ಟಿ ಕಳಿಸಿದ. ಆ ಸಲ ಮೇಲಧಿಕಾರಿ ಬೇಗನೆ ತಪಾಸಣೆಗೆ ಬಂದದ್ದರಿಂದ ಹೊಸ ಸಮವಸ್ತ್ರದ ಗಂಟು ಬಿಚ್ಚಿದ್ದು ಅದೇ ದಿನ ಬೆಳಿಗ್ಗೆ, ಮೊದಲು ಯಾರೂ ತೊಟ್ಟು ನೋಡಿರಲಿಲ್ಲ. ಟೇಪಣ್ಣನ ಬಟ್ಟೆ ತೊಟ್ಟು ನೋಡುವುದು ಎಂದರೆ ಟೇಪಣ್ಣನಿಂದ ಬೈಸಿಕೊಳ್ಳುವುದು ಎಂದು ಅವರಿಗೂ ಗೊತ್ತಿತ್ತಲ್ಲ.

ಅಂದು ಬೆಳಿಗ್ಗೆ ಇಪ್ಪತ್ತೆರಡು ಜನ ಉಸಿರು ಒಳಗೆಳೆದುಕೊಂಡು, ಒಬ್ಬರ ಗುಂಡಿಯನ್ನು ಒಬ್ಬರು ಹಾಕಿ, ಸಾಲಾಗಿ ನಿಂತರು. ಅರ್ಧ ಗಂಟೆ ಯಾರೂ ಉಸಿರು ಬಿಡಲಿಲ್ಲ. ಮೇಲಧಿಕಾರಿಗೆ ಅವರ ಎದೆ ಉಬ್ಬಿದ್ದು ಕಂಡು ಸಂತೋಷವಾಯಿತು. “ಎಂಥಾ ಶಿಸ್ತು!” ಎಂದರು. ಅಷ್ಟಕ್ಕೇ ಹೊರಟುಹೋಗಿದ್ದರೆ ಆಗುತ್ತಿತ್ತು. ಹುರುಪಿನಲ್ಲಿ, “ಎಲ್ಲಿ, ಬೆಂಕಿ ಬಿದ್ದಿದೆ ಅಂದುಕೊಂಡು ಪೈಪು ಎತ್ತಿ ಓಡಿ ನೋಡೋಣ!” ಎಂದುಬಿಟ್ಟರು. ಇಪ್ಪತ್ತೆರಡು ಜನ ಒಟ್ಟಿಗೆ ಬಗ್ಗಿದರು. ಆ ಶಬ್ದ ಎದುರಿನ ಕಟ್ಟಡದವರೆಗೂ ಕೇಳಿಸಿತಂತೆ. ಪಟಪಟನೆ ಸಾಲಿನ ಈ ತುದಿಯಿಂದ ಆ ತುದಿಗೆ ಹೊಲಿಗೆ ಬಿಚ್ಚಿಕೊಂಡು ಹೋಯಿತು. ಒಂದು ಗುಂಡಿ ಹಾರಿ ಮೇಲಧಿಕಾರಿಯ ಕನ್ನಡಕಕ್ಕೆ ಬಡಿಯಿತು. ಇಪ್ಪತ್ತೆರಡು ಜನ ಪೈಪು ಬಿಟ್ಟು ಎರಡೂ ಕೈಯಲ್ಲಿ ಹಿಂಭಾಗ ಮುಚ್ಚಿಕೊಂಡು ನಿಂತರು. ನಿಜವಾದ ಬೆಂಕಿಯೇ ಬಿದ್ದಿದ್ದರೂ ಅಂದು ಅವರು ಅಲುಗಾಡುತ್ತಿರಲಿಲ್ಲ.

ಠಾಣಾಧಿಕಾರಿ ಮೇಜಿನ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡೇ ಅಂಗಡಿಗೆ ಬಂದರು.

“ಎಂಟು ದಿನ ಟೈಮು ಕೊಟ್ಟಿದ್ದಾರೆ. ಠಾಣೆಗೆ ಬಂದು ಒಬ್ಬೊಬ್ಬರಿಗೂ ಮತ್ತೆ ಟೇಪು ಹಿಡೀರಿ. ಇಲ್ಲಾಂದ್ರೆ ಕೆಲಸ ಬೇರೆಯವರಿಗೆ.”

“ಎರಡನೇ ಸಲ ಟೇಪಾ? ಈ ಕೈಯಿಂದಾ?” ಟೇಪಣ್ಣ ಉರಿದುಬಿದ್ದ. “ಬಗ್ಗೋಕೆ ಬರದವರನ್ನ ಕೆಲಸಕ್ಕೆ ಇಟ್ಟುಕೊಂಡು ನನ್ನ ಪ್ಯಾಂಟಿಗೆ ಹೇಳ್ತೀರಲ್ಲ!”

ಮನೆಯಲ್ಲಿ ಸಭೆ ಸೇರಿತು. ಅಕ್ಕ ಅಧ್ಯಕ್ಷೆ, ಮೇಷ್ಟ್ರು ಕರೆಯದೇ ಬಂದ ಅತಿಥಿ, ಬೇಕರಿಯವನು ಬಾಗಿಲ ಬಳಿ. ಮಗ ತಲೆ ತಗ್ಗಿಸಿಕೊಂಡು, “ಅಪ್ಪಾ, ನಾಳೆಯಿಂದ ಕತ್ತರಿ ನಾನು ಹಿಡೀತೀನಿ. ಎಲ್ಲರದೂ ಹೊಸದಾಗಿ ಅಳೆದು ಬರ್ಕೋತೀನಿ. ನೀವು ಗುಂಡಿ ಹಚ್ಚಿಕೊಂಡು ಕೂತಿರಿ,” ಎಂದ.

ಅಣ್ಣನ ಕೈಯಿಂದ ಕತ್ತರಿ ಕಿತ್ತುಕೊಂಡವನು ಟೇಪಣ್ಣನೇ. ಅಂದೂ ಹೀಗೇ ಹೇಳಿದ್ದ, ಗುಂಡಿ ಹಚ್ಚಿಕೊಂಡು ಕೂತಿರು ಎಂದು. ಅವನಿಗೆ ಭಯವಾಯಿತು. ಭಯ ತೋರಿಸಿ ಅಭ್ಯಾಸವಿಲ್ಲದ್ದರಿಂದ ಮೇಜು ಗುದ್ದಿದ.

“ಕರ್ಕೊಂಡು ಹೋಗ್ರೋ ನನ್ನ ಡಾಕ್ಟರ ಹತ್ರ! ಮರೆವು ಇದೆ ಅಂತ ಅವರು ಹೇಳಲಿ, ನಾನೇ ಕತ್ತರಿ ಕೊಡ್ತೀನಿ. ಇಲ್ಲ ಅಂದ್ರೆ ನೀವೆಲ್ಲ ಕೂತು ಆ ಸೊಪ್ಪು ತಿನ್ನಬೇಕು!”

ಮರುದಿನ ನರರೋಗದ ಡಾಕ್ಟರು ಮೊದಲು ತೂಕ ನೋಡಿದರು, ರಕ್ತದೊತ್ತಡ ನೋಡಿದರು, ಆಮೇಲೆ ಶಾಂತವಾಗಿ, “ಮೂರು ಪದ ಹೇಳ್ತೀನಿ, ಆಮೇಲೆ ಕೇಳ್ತೀನಿ. ಕುರ್ಚಿ, ಸೇಬು, ಛತ್ರಿ,” ಎಂದರು.

“ಕುರ್ಚಿಯ ಕಾಲು ಅಲ್ಲಾಡ್ತಿದೆ, ಸೇಬು ನನಗೆ ದಿನಾ ಕೊಟ್ಟು ಕೊಟ್ಟು ಸಾಕಾಗಿದೆ, ಛತ್ರಿ ಆ ಮೂಲೇಲಿ ಬಿಟ್ಟು ಹೋಗಿರೋದು ನಿಮ್ಮ ಹಿಂದಿನ ರೋಗಿ. ಮುಂದೆ?”

ಗಡಿಯಾರ ಬರೆಯಿರಿ ಎಂದರು. ಜೇಬಿನಿಂದ ಸೀಮೆಸುಣ್ಣ ತೆಗೆದು ಅವರ ಮೇಜಿನ ಮೇಲೇ ದುಂಡಗೆ ಬರೆದ. ಮೂರು ಪದ ಮತ್ತೆ ಕೇಳಿದರು, ಹಿಂದುಮುಂದಾಗಿಯೂ ಹೇಳಿದ. ಮುಕ್ಕಾಲು ಗಂಟೆ ಏನೇನು ಕೇಳಿದರೂ ಬೈದುಕೊಂಡೇ ಸರಿಯಾಗಿ ಉತ್ತರಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟರು.

“ನಿಮಗೆ ಮರೆವಿನ ಕಾಯಿಲೆ ಇರೋ ಹಾಗೆ ನನಗೆ ಕಾಣ್ತಿಲ್ಲ. ಆದ್ರೆ ಪ್ಯಾಂಟುಗಳು ಯಾಕೆ ತಪ್ಪಿದವು?”

“ತಪ್ಪೋಕೆ ಸಾಧ್ಯವೇ ಇಲ್ಲ ಡಾಕ್ಟ್ರೇ! ಠಾಣಾಧಿಕಾರಿ ನನ್ನ ಹೊಟ್ಟೆಗಿಂತ ಮೂರು ಬೆರಳು ಕಮ್ಮಿ, ಗಾಡಿ ಓಡಿಸೋನು ಐದು ಬೆರಳು ಕಮ್ಮಿ, ಅಡಿಗೆಯವನು ಒಂದು ಬೆರಳು ಜಾಸ್ತಿ. ಇಪ್ಪತ್ತೆರಡು ಜನರದ್ದೂ ಹೇಳ್ಲಾ?” ರೋಷದಲ್ಲಿ ಇಪ್ಪತ್ತೈದು ವರ್ಷದ ಗುಟ್ಟು ಬಾಯಿಂದ ಹೊರಗೆ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ.

ಹೆಂಡತಿ ಬೆಕ್ಕಸಬೆರಗಾಗಿ ನೋಡಿದಳು. ಡಾಕ್ಟರು ಆಕೆ ತಂದಿದ್ದ ಹಳೇ ಆಸ್ಪತ್ರೆ ಚೀಟಿಯಲ್ಲಿ ತೂಕ ನೋಡಿದರು, ಆಮೇಲೆ ಸಡಿಲ ಅಂಗಿಯನ್ನು ನೋಡಿದರು.

“ಎದ್ದು ನಿಂತು ಅಂಗಿ ಎತ್ತಿ ಸ್ವಲ್ಪ.”

ಟೇಪಣ್ಣ ಎತ್ತಿದ. ಗೋಡೆಯ ಕನ್ನಡಿಯಲ್ಲಿ ಯಾರದೋ ಹೊಟ್ಟೆ ಕಂಡಿತು. ಲಾಡಿಯ ತುದಿಗಳು ಮೊಣಕಾಲಿನವರೆಗೆ ಜೋತು ಬಿದ್ದಿದ್ದವು.

“ಇದು ಯಾರದು?” ಎಂದ.

“ನಿಮ್ಮದೇ,” ಎಂದರು ಡಾಕ್ಟರು. “ಹಳೇ ಚೀಟಿಗಿಂತ ಒಂಬತ್ತು ಕಿಲೋ ಇಳಿದಿದ್ದೀರಿ. ನಿಮ್ಮ ತಲೆ ಸರಿಯಾಗಿದೆ ಟೇಪಣ್ಣ. ಅಳತೆಯ ಕೋಲು ಸಣ್ಣದಾಗಿದೆ. ರಕ್ತದೊತ್ತಡ ಎಷ್ಟೋ ವರ್ಷದ ಮೇಲೆ ಹದಕ್ಕೆ ಬಂದಿದೆ. ಈ ಊಟ ಬಿಡಬೇಡಿ. ಮರೆವು ಬರೋದೇ ಇಲ್ಲ ಅಂತ ಯಾರೂ ಬರೆದು ಕೊಡೋಕಾಗಲ್ಲ, ಬರೋ ಅಪಾಯ ಕಮ್ಮಿ ಆಗುತ್ತೆ. ಅಮ್ಮಾ, ನೀವು ಸ್ವಲ್ಪ ಉಪ್ಪು ಹಾಕಿ, ಹೊಟ್ಟೆ ತುಂಬ ಕೊಡಿ. ಇದು ಶಿಕ್ಷೆ ಅಲ್ಲ, ಊಟ.”

ಟೇಪಣ್ಣ ಬೀದಿಗೆ ಬಂದದ್ದು ಯುದ್ಧ ಗೆದ್ದವನಂತೆ. ಎದುರಿಗೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಬೈದ. ಅಂಗಡಿಗೆ ಬಂದು ಪರದೆ ಎಳೆದು, ತನ್ನ ಕಳೆದುಹೋದ ಹೊಟ್ಟೆಗೆ ಮೂರು ಬೆರಳು ಎಂದು ಲೆಕ್ಕ ಹಿಡಿದು, ಎಲ್ಲ ಅಳತೆಗೂ ಮೂರು ಬೆರಳು ಕೂಡಿಸಿ, ನಾಲ್ಕೇ ದಿನದಲ್ಲಿ ಇಪ್ಪತ್ತೆರಡು ಪ್ಯಾಂಟು ಹೊಸದಾಗಿ ಹೊಲಿದ. ಈ ಸಲ ತೊಟ್ಟು ನೋಡಲು ತಾನೇ ಅವರನ್ನು ಅಂಗಡಿಗೆ ಕರೆಸಿದ. ಅವಮಾನ ಆದದ್ದು ಬೀದಿಯ ಎದುರು, ಗೆಲ್ಲುವುದೂ ಬೀದಿಯ ಎದುರೇ ಆಗಬೇಕಿತ್ತು.

ಠಾಣಾಧಿಕಾರಿ ತೊಟ್ಟರು. ಗುಂಡಿ ಎರಡು ಬೆರಳು ದೂರದಲ್ಲಿ ನಿಂತಿತು. ಅಡಿಗೆಯವನು ತೊಟ್ಟ, ನಾಲ್ಕು ಬೆರಳು ದೂರ. ಗಾಡಿ ಓಡಿಸುವವನದು ಕೆಳಗೆ ಜಾರಿತು. ಒಬ್ಬನೇ ಒಬ್ಬನಿಗೆ ಸರಿಯಾಯಿತು, ಅವನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು.

ಗುಂಪಿನಲ್ಲಿ ಪಿಸುಪಿಸು ಎದ್ದಿತು. ಮಗ ಕಣ್ಣು ಮುಚ್ಚಿಕೊಂಡ. ಟೇಪಣ್ಣ ಠಾಣಾಧಿಕಾರಿಯ ಗುಂಡಿಯನ್ನು ಮತ್ತೆ ಮತ್ತೆ ಎಳೆದು ನೋಡಿದ. ತಲೆಯೂ ಸರಿ, ಲೆಕ್ಕವೂ ಸರಿ, ಹಾಗಾದರೆ ಇದೇನು? ಡಾಕ್ಟರೇ ತಪ್ಪು ಹೇಳಿದರೇ?

ಆಗ ಎದುರು ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಯಂತ್ರ ಇಟ್ಟುಕೊಂಡು ಹರಿದದ್ದು ತೇಪೆ ಹಾಕುವ ಹೊಲಿಗೆಯಮ್ಮ ಗುಂಪು ಸರಿಸಿಕೊಂಡು ಮುಂದೆ ಬಂದಳು. “ಸಾಕು ಮಾಡಿ ಸಾರ್,” ಎಂದು ಠಾಣಾಧಿಕಾರಿಯನ್ನು ಗದರಿದಳು. “ಆ ಮನುಷ್ಯ ತನಗೆ ತಲೆ ಕೆಟ್ಟಿದೆ ಅಂತ ತಿಳ್ಕೋತಾನೆ. ಹೇಳ್ರಿ ನಿಜಾನ.”

ಠಾಣಾಧಿಕಾರಿ ನೆಲ ನೋಡಿದರು. “ಟೇಪಣ್ಣ... ಪ್ರತಿ ವರ್ಷ ನಿಮ್ಮ ಪ್ಯಾಂಟು ಬಂದ ಮೇಲೆ... ಸರಿ ಮಾಡಿಸೋಕೆ ಈಯಮ್ಮನ ಹತ್ರ ಕಳಿಸ್ತಿದ್ವಿ. ಸೊಂಟ ಸಡಿಲ ಮಾಡೋಕೆ. ಈ ವರ್ಷ ತಪಾಸಣೆ ಬೇಗ ಬಂತು, ಪುರುಸೊತ್ತಾಗಲಿಲ್ಲ. ಹನ್ನೆರಡು ವರ್ಷದಲ್ಲಿ ಮನುಷ್ಯ ದಪ್ಪನೋ ಸಣ್ಣನೋ ಆಗ್ತಾನಲ್ಲ.”

“ನನಗೆ ಯಾಕೆ ಹೇಳಲಿಲ್ಲ?”

ಔಷಧಿ ಅಂಗಡಿಯವನು ಮೆಲ್ಲಗೆ ತನ್ನ ಸೊಂಟದ ಒಳಮಗ್ಗುಲು ತಿರುಗಿಸಿ ತೋರಿಸಿದ, ಬೇರೆ ಬಣ್ಣದ ದಾರದ ಹೊಲಿಗೆ ಇತ್ತು. ಬ್ಯಾಂಕಿನವನೂ ತೋರಿಸಿದ. ಬೇಕರಿಯವನು ಎರಡು ಸಲ ಬಿಚ್ಚಿಸಿದ್ದ. ಇಡೀ ಬೀದಿ ಟೇಪಣ್ಣನ ಬೋರ್ಡು ಉಳಿಸಲು ಕದ್ದು ಮುಚ್ಚಿ ಎದುರಿನ ಮೆಟ್ಟಿಲ ಕೆಳಗೆ ಓಡಾಡಿತ್ತು.

“ಹೇಳೋಕೆ ಧೈರ್ಯ ಮಾಡಿದವನು ನಾನೊಬ್ಬನೇ,” ಎಂದರು ಮೇಷ್ಟ್ರು. ಆಮೇಲೆ ಎಲ್ಲರೂ ತಮ್ಮ ಹೊಟ್ಟೆಯನ್ನೇ ನೋಡುತ್ತಿದ್ದುದನ್ನು ಕಂಡು ಕೆಮ್ಮಿದರು. “ಆಯ್ತಪ್ಪಾ. ದಪ್ಪ ಆಗಿದ್ದೆ.”

ಟೇಪಣ್ಣನಿಗೆ ಬಂದ ಸಿಟ್ಟನ್ನು ಬರೆಯಲು ಕಾಗದ ಸಾಲದು. “ಕಳ್ಳರು! ಸುಳ್ಳರು! ಎಲ್ಲರೂ ಸೇರಿ ನನ್ನ ಕೋಡಂಗಿ ಮಾಡಿದ್ರಾ? ಬಾಯಿ ಇರಲಿಲ್ವಾ ನಿಮಗೆ? ನನ್ನ ಹೊಟ್ಟೆ ಹೋಗಿದ್ದನ್ನೂ ಒಬ್ಬರೂ ಹೇಳಲಿಲ್ಲ!” ಎಂದು ಕೂಗಿ ಹೆಂಡತಿಯ ಕಡೆ ತಿರುಗಿದ. “ನೀನೂ ನೋಡಲಿಲ್ವಾ? ಕಣ್ಣಿರಲಿಲ್ವಾ ನಿನಗೆ?”

“ನೋಡಿದೆ,” ಎಂದಳು ಆಕೆ. “ಸ್ಕೂಟರಿನ ಹಿಂದೆ ಕೂತು ನಿಮ್ಮ ಸೊಂಟ ಹಿಡ್ಕೊಂಡಾಗ ನನ್ನ ಎರಡು ಕೈಯ ಬೆರಳು ಯಾವತ್ತೂ ಒಂದಕ್ಕೊಂದು ಸಿಗ್ತಿರಲಿಲ್ಲ. ಮೊದಲ ತಿಂಗಳು ಉಗುರು ತಾಗಿತು. ಈಗ ಬೆರಳು ಹೆಣೆದು ಹಿಡೀಬಹುದು. ನನಗೆ ಎಷ್ಟು ಖುಷಿ ಆಗಿತ್ತು ಗೊತ್ತಾ?”

“ಮತ್ತೆ ಹೇಳೋಕೇನು ಧಾಡಿ?”

“ಹೇಳಿದ್ರೆ ರೇಗ್ತೀರಲ್ಲ!” ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆಕೆಯ ಧ್ವನಿ ಏರಿತು. ಇಪ್ಪತ್ತೆರಡು ಅಗ್ನಿಶಾಮಕರು ಒಂದು ಹೆಜ್ಜೆ ಹಿಂದೆ ಸರಿದರು. “ಎಲ್ಲದಕ್ಕೂ ರೇಗ್ತೀರಿ. ರೇಗಿ, ನನಗೇನೂ ಅದರ ಹೆದರಿಕೆ ಇಲ್ಲ. ನಿಮ್ಮಣ್ಣ ನಿಮಗಿಂತ ಜಾಸ್ತಿ ರೇಗ್ತಿದ್ರು. ಕೊನೆಗೆ ಹೇಗಿದ್ರು ಗೊತ್ತಾ? ನೀವು ಒಂದಿನ ಬಂದು ಪಕ್ಕ ಕೂರಲಿಲ್ಲ, ನಿಮಗೆಲ್ಲಿ ಗೊತ್ತು! ಯಾರ ಮೇಲೂ ರೇಗ್ತಿರಲಿಲ್ಲ. ನಾನು ಊಟ ತಗೊಂಡು ಹೋದ್ರೆ ಎದ್ದು ನಿಂತು ಕೈಮುಗಿದು, ‘ಯಾರಮ್ಮ ನೀವು, ಯಾಕೆ ತೊಂದರೆ ತಗೋತೀರಿ’ ಅಂತಿದ್ರು. ಅಷ್ಟು ಮರ್ಯಾದೆ. ನೀವು ನನ್ನನ್ನ ಹಾಗೆ ಮಾತಾಡ್ಸೋ ದಿನ ಬಂದ್ರೆ ನಾನು ಯಾರ ಹತ್ರ ಹೋಗಿ ಹೇಳ್ಕೊಳ್ಳಲಿ ರೀ?”

ಟೇಪಣ್ಣ ಹೆಂಡತಿಯನ್ನೇ ನೋಡುತ್ತಾ ನಿಂತ. ಆಮೇಲೆ ಅಳತೆ ಬರೆಯಲೆಂದು ಮಗ ಹಿಡಿದು ನಿಂತಿದ್ದ ನೋಟುಪುಸ್ತಕ ಕಿತ್ತು ಅವನಿಗೇ ವಾಪಸು ಎಸೆದ. “ಬರ್ಕೋಳೋ. ನಿಂತ್ಕೊಂಡು ಏನು ನೋಡ್ತಿದ್ದೀಯ?” ಎಂದು ಗದರಿ, ಟೇಪು ಎಳೆದು, ಎರಡನೆಯ ಸಲ ಠಾಣಾಧಿಕಾರಿಯ ಸೊಂಟಕ್ಕೆ ಸುತ್ತಿದ. ಒಬ್ಬೊಬ್ಬರನ್ನೂ ಬೈಯುತ್ತಾ ಬೈಯುತ್ತಾ ಇಪ್ಪತ್ತೆರಡು ಜನರನ್ನೂ ಅಳೆದ. ಅಡಿಗೆಯವನಿಗೆ ಮಾತ್ರ, ನೀನೂ ನಾಳೆಯಿಂದ ಕೆರೆಯ ಹತ್ತಿರ ನಡೆಯೋಕೆ ಬಾ ಎಂದು ಪ್ರತ್ಯೇಕವಾಗಿ ಬೈದ.

ಮಧ್ಯಾಹ್ನ ಮನೆಯಲ್ಲಿ ಬಟ್ಟಲು ಎದುರಿಗೆ ಬಂತು. ಟೇಪಣ್ಣ ಒಂದು ತುತ್ತು ಬಾಯಿಗಿಟ್ಟು ಮುಖ ಸಿಂಡರಿಸಿದ.

“ಏ ಇವಳೇ! ಡಾಕ್ಟ್ರು ಉಪ್ಪು ಹಾಕು ಅಂದ್ರೆ ಇಷ್ಟೇನಾ ಹಾಕೋದು? ಈ ಕಾಂಡ ಏನು ಹಗ್ಗಾನಾ? ಈ ಅಕ್ರೋಟು ಯಾವ ಕಾಲದ್ದು? ಮನುಷ್ಯರು ತಿನ್ನೋ ಹಾಗೆ ಮಾಡೋಕೆ ಬರಲ್ವಾ ನಿನಗೆ?”

ಬಟ್ಟಲು ಖಾಲಿಯಾಗುವವರೆಗೂ ಬೈದ. ಆಕೆ ಎದುರಿಗೆ ಕೂತು ಗಲ್ಲಕ್ಕೆ ಕೈ ಕೊಟ್ಟು ಒಂದು ಬೈಗುಳವನ್ನೂ ಬಿಡದೆ ಕೇಳಿಸಿಕೊಂಡಳು, ಮುಗಿದ ಮೇಲೆ “ಇನ್ನೂ ಸ್ವಲ್ಪ ಹಾಕ್ಲಾ?” ಎಂದಳು.